ಒಂದು ಮಧ್ಯಾಹ್ನಕ್ಕೆ ಒಂದು ಕಾಗದ: ಐರ್ಲೆಂಡಿನ ಮಹಿಳೆಯರ ಹೋರಾಟವನ್ನು ಊರಿನ ಓದುಕೂಟದಲ್ಲಿ ಅಭ್ಯಾಸ ಮಾಡುವ ಬಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐರ್ಲೆಂಡಿನ ಮಹಿಳೆಯರು ಮತದ ಹಕ್ಕಿಗಾಗಿ, ನಾಡಿನ ಸ್ವಾತಂತ್ರ್ಯಕ್ಕಾಗಿ, ಕಾರ್ಖಾನೆಯ ಕೂಲಿಗಾಗಿ ನಡೆಸಿದ ಹೋರಾಟವನ್ನು ತಮ್ಮ ಊರಿನ ಓದುಕೂಟದಲ್ಲಿ ಅಭ್ಯಾಸಕ್ಕೆ ಎತ್ತಿಕೊಳ್ಳಲು ಬಯಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಿರಸಿಯ ನಮ್ಮ ಕೂಟದಲ್ಲಿ ಮೊದಲ ಸಲ ಈ ವಿಷಯ ಎತ್ತಿಕೊಂಡಾಗ ನಾನು ಮೂವತ್ತು ವರ್ಷ ಪಾಠ ಹೇಳಿದ ಅಭ್ಯಾಸದಂತೆ ಹಲಗೆಯ ಮೇಲೆ ಸಂಘಟನೆಗಳ ಹೆಸರು, ಸ್ಥಾಪನೆಯ ವರ್ಷ, ಮುಖ್ಯಸ್ಥರು ಎಂದು ಮೂರು ಸಾಲು ಎಳೆದು ಒಂದೂವರೆ ತಾಸು ಮಾತನಾಡಿದೆ. ಎರಡನೆಯ ಸಭೆಗೆ ಅರ್ಧ ಜನ ಬರಲಿಲ್ಲ. ಬಂದವರಲ್ಲಿ ಒಬ್ಬರು, "ಮಾಸ್ತರ್ರೇ, ಆ ಹೆಸರು ನಾಲಿಗೆಗೇ ಹೊರಳ್ತಿಲ್ಲೆ" ಎಂದು ನೇರವಾಗಿ ಹೇಳಿದರು. ಅಂದಿನಿಂದ ಕ್ರಮ ಬದಲಿಸಿ, ಒಂದು ಮಧ್ಯಾಹ್ನಕ್ಕೆ ಒಂದೇ ಕಾಗದವನ್ನು ಇಟ್ಟುಕೊಂಡು ಕೂರುತ್ತಿದ್ದೇವೆ: ಅದು ಒಂದು ಛಾಯಾಚಿತ್ರವಾಗಿರಬಹುದು, ಜನಗಣತಿಯ ಒಂದು ಹಾಳೆಯಾಗಿರಬಹುದು, ಪಿಂಚಣಿಯ ಒಂದು ಅರ್ಜಿಯಾಗಿರಬಹುದು. ಹೋರಾಡಿದವರು ಯಾರು ಎಂಬ ಪ್ರಶ್ನೆಯ ಜೊತೆಗೆ, ಹೋರಾಡಿದ್ದನ್ನು ಬರೆದಿಟ್ಟವರು ಯಾರು, ಬಿಟ್ಟವರು ಯಾರು ಎಂಬ ಪ್ರಶ್ನೆಯೂ ಆಗ ತಾನಾಗಿ ಏಳುತ್ತದೆ.

ಸಮಯದ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಘಟ್ಟದ ಮೇಲಿನ ಊರುಗಳಲ್ಲಿ ಕೊನೆಕೊಯ್ಲು, ಅಡಿಕೆ ಸುಲಿತ ಶುರುವಾದ ಮೇಲೆ ಮಹಿಳೆಯರು ಕೂಟಕ್ಕೆ ಬರಲಾರರು. ಆದ್ದರಿಂದ ಮಳೆಗಾಲವೇ ವಾಸಿ. ಊಟ ಮುಗಿದು, ಹಾಲು ಕರೆಯುವ ಹೊತ್ತಿನ ಒಳಗೆ, ಅಂದರೆ ಮೂರರಿಂದ ಐದರವರೆಗೆ ಕೂತರೆ ಎಲ್ಲರಿಗೂ ಅನುಕೂಲ. ಆದರೆ ಮಳೆಗಾಲದಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನಂಬುವಂತಿಲ್ಲವಾದ್ದರಿಂದ, ತೋರಿಸಬೇಕಾದ ಪ್ರತಿಯೊಂದು ಕಾಗದವನ್ನೂ ಮುಂಚಿತವಾಗಿ ಮುದ್ರಿಸಿ ಇಟ್ಟುಕೊಳ್ಳಬೇಕು. ಆರು ಸಭೆಗಳು ಸಾಕು. ಪ್ರತಿ ಸಭೆಯ ನಡುವೆ ಕಷಾಯಕ್ಕೆ ಬಿಡುವ ಹತ್ತು ನಿಮಿಷವನ್ನು ಲೆಕ್ಕದಿಂದ ತೆಗೆಯಬಾರದು, ಏಕೆಂದರೆ ಸಭೆಯಲ್ಲಿ ಬಾಯಿ ಬಿಡದವರು ಆಗಲೇ ಮಾತನಾಡುತ್ತಾರೆ.

ಹೆಸರುಗಳ ತೊಡಕನ್ನು ಆರಂಭದಲ್ಲೇ ಬಿಡಿಸಿಕೊಳ್ಳಬೇಕು. ಐರಿಷ್ ಭಾಷೆಯ ಅಕ್ಷರಗಳನ್ನು ಇಂಗ್ಲಿಷಿನಂತೆ ಓದಿದರೆ ಉಚ್ಚಾರ ಪೂರಾ ತಪ್ಪುತ್ತದೆ. 1900ರಲ್ಲಿ ಮಾಡ್ ಗಾನ್ ಅವರ ನೇತೃತ್ವದಲ್ಲಿ ಹುಟ್ಟಿದ ಸಂಘದ ಹೆಸರನ್ನು 'ಇನೀನಿ ನ ಹೇರನ್' ಎಂದು ಬರೆದುಕೊಳ್ಳಿ. 'ಐರ್ಲೆಂಡಿನ ಪುತ್ರಿಯರು' ಎಂದು ಅರ್ಥ. 1914ರ ಏಪ್ರಿಲ್ 2ರಂದು ಡಬ್ಲಿನ್ನಿನ ಒಂದು ಹೋಟೆಲಿನಲ್ಲಿ ಸ್ಥಾಪನೆಯಾದ ಮಹಿಳಾ ದಳ 'ಕುಮನ್ ನ ಮಾನ್'. ಸ್ವತಂತ್ರ ಐರ್ಲೆಂಡಿನ ಸಂಸತ್ತು 'ಡಾಲ್'. ಇವು ಮೂರನ್ನು ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದರೆ ಸಾಕು. ಮಿಕ್ಕ ಹೆಸರುಗಳು ಬಂದಾಗ ಬರಲಿ.

ಮೊದಲ ಸಭೆಗೆ ಛಾಯಾಚಿತ್ರವನ್ನೇ ಆರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. 1916ರ ಏಪ್ರಿಲ್ 24ರಂದು, ಈಸ್ಟರ್ ಸೋಮವಾರ, ಡಬ್ಲಿನ್ನಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆ ಎದ್ದಿತು. ಆರನೆಯ ದಿನ, 29ರಂದು, ಅದರ ನಾಯಕ ಪ್ಯಾಟ್ರಿಕ್ ಪಿಯರ್ಸ್ ಜನರಲ್ ಲೋ ಎದುರು ಶರಣಾದರು. ಆ ಕ್ಷಣದ ಚಿತ್ರದಲ್ಲಿ ಒಂದು ಕಡೆ ಪಿಯರ್ಸ್, ಎದುರಿಗೆ ಸೇನಾಧಿಕಾರಿಗಳು ನಿಂತಿದ್ದಾರೆ. ಪಿಯರ್ಸ್ ಅವರ ಆಚೆ ಮಗ್ಗುಲಲ್ಲಿ ಎಲಿಜಬೆತ್ ಓಫಾರೆಲ್ ಎಂಬ ನರ್ಸ್ ಇದ್ದರು. ಗುಂಡು ಹಾರುತ್ತಿದ್ದ ಬೀದಿಯಲ್ಲಿ ಬಿಳಿ ಬಾವುಟ ಹಿಡಿದು ಶರಣಾಗತಿಯ ಮಾತನ್ನು ಒಯ್ದವರು, ಆ ಬಳಿಕ ನಗರದ ಬೇರೆ ಬೇರೆ ನೆಲೆಗಳಿಗೆ ಶರಣಾಗುವ ಆದೇಶ ಮುಟ್ಟಿಸಿದವರು ಇವರೇ. ಆದರೂ ಚಿತ್ರದಲ್ಲಿ ಕಾಣುವುದು ಇವರ ಪಾದಗಳು ಮಾತ್ರ, ಮತ್ತು ಕೆಲವು ಮುದ್ರಣಗಳಲ್ಲಿ ಆ ಪಾದಗಳನ್ನೂ ಅಳಿಸಿಹಾಕಿದ್ದುಂಟು. ಅವರೇ ಹಿಂದೆ ಸರಿದು ನಿಂತರು ಎನ್ನುವ ಮಾತೂ ಇದೆ.

ಚಿತ್ರವನ್ನು ಕೈಗೆ ಕೊಟ್ಟು, "ಇಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ" ಎನ್ನಬೇಕು. ಬೇರೇನನ್ನೂ ಹೇಳಬಾರದು. ಯಾರಾದರೂ ಒಬ್ಬರು ಕಾಲು ಲೆಕ್ಕ ಮಾಡುತ್ತಾರೆ, ಲೆಕ್ಕ ತಪ್ಪುತ್ತದೆ, ಅಲ್ಲಿಂದ ಸಭೆ ತನ್ನಷ್ಟಕ್ಕೆ ಸಾಗುತ್ತದೆ. ನಮ್ಮಲ್ಲಿ ಆದ ಒಂದು ಎಡವಟ್ಟನ್ನೂ ಹೇಳಬೇಕು. ಮುದ್ರಿಸಲು ಕೊಟ್ಟಿದ್ದ ಝೆರಾಕ್ಸ್ ಅಂಗಡಿಯ ಹುಡುಗ ಚಿತ್ರ ಹಾಳೆಗೆ ಸರಿಹೊಂದಲೆಂದು ಕೆಳಗಿನ ಅಂಚನ್ನು ಕತ್ತರಿಸಿದ್ದ; ಓಫಾರೆಲ್ ಅವರ ಪಾದಗಳೇ ಹೋಗಿದ್ದವು! ಎಣಿಸಿದವರ ಲೆಕ್ಕ ಸರಿಯಾಗಿಯೇ ಬಂತು, ನಾನು ಬೆಪ್ಪಾಗಿ ನಿಂತೆ. ಅಂಗಡಿಯಿಂದ ಹೊರಡುವ ಮೊದಲು ಪ್ರತಿ ಪ್ರತಿಯನ್ನೂ ನೋಡಿಕೊಳ್ಳಿ.

ಎರಡನೆಯ ಸಭೆಯ ಕಾಗದ 1911ರ ಜನಗಣತಿಯ ಹಾಳೆ. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರವು 1901 ಮತ್ತು 1911ರ ಗಣತಿಯ ಮನೆಮನೆಯ ಹಾಳೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇರಿಸಿದೆ. ಬೀದಿಯ ಹೆಸರು ಹಿಡಿದು ಹುಡುಕಿದರೆ ಮನೆಯ ಯಜಮಾನ ಕೈಯಾರೆ ತುಂಬಿದ ಹಾಳೆಯೇ ತೆರೆಯುತ್ತದೆ. ಡಬ್ಲಿನ್ನಿನ ಬಡಬೀದಿಯ ಒಂದು ಹಾಳೆಯನ್ನೂ ಅನುಕೂಲಸ್ಥರ ಬೀದಿಯ ಒಂದು ಹಾಳೆಯನ್ನೂ ತೆಗೆದು ಪಕ್ಕಪಕ್ಕ ಇಡಬೇಕು. ಆ ವರ್ಷದ ಹಾಳೆಯಲ್ಲಿ ವಿವಾಹಿತ ಸ್ತ್ರೀಯರಿಗೆ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವ ಮಕ್ಕಳೆಷ್ಟು ಎಂಬ ಕಾಲಂಗಳಿವೆ. ನಮ್ಮ ಕೂಟದ ಹಿರಿಯರೊಬ್ಬರು ಒಂದು ಹಾಳೆಯ ಆ ಕೊನೆಯ ಎರಡು ಅಂಕಿಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅನಂತರ, ತಮ್ಮ ಅಜ್ಜಿಗೂ ಇಂಥದೇ ಎರಡು ಅಂಕಿಗಳಿದ್ದವು ಎಂದಷ್ಟೇ ಹೇಳಿದರು. 'ಇನೀನಿ'ಯ ಮಹಿಳೆಯರು ಶಾಲೆಯ ಬಡಮಕ್ಕಳಿಗೆ ಮಧ್ಯಾಹ್ನ ಬಿಸಿಯೂಟ ಬೇಕೆಂದು ಏಕೆ ಹೋರಾಡಿದರು, ವೈದ್ಯೆ ಕ್ಯಾಥ್ಲೀನ್ ಲಿನ್ 1916ರ ದಂಗೆಯಲ್ಲಿ ಭಾಗವಹಿಸಿ ಸೆರೆಮನೆ ಕಂಡ ಮೇಲೆ 1919ರಲ್ಲಿ ಮೆಡ್ಲಿನ್ ಫ್ರೆಂಚ್ ಮಲೆನ್ ಅವರೊಡನೆ ಶಿಶುಗಳಿಗಾಗಿಯೇ ಸೇಂಟ್ ಉಲ್ಟನ್ ಆಸ್ಪತ್ರೆಯನ್ನು ಏಕೆ ತೆರೆದರು ಎಂಬುದನ್ನು ಇದಾದ ಮೇಲೆ ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಅದೇ ಗಣತಿಯ ಇನ್ನೊಂದು ಮುಖವನ್ನೂ ತೋರಿಸಬೇಕು. ಮತ ಕೊಡದ ಸರ್ಕಾರಕ್ಕೆ ನಮ್ಮನ್ನು ಎಣಿಸುವ ಅಧಿಕಾರವೂ ಇಲ್ಲವೆಂದು ಮತದ ಹಕ್ಕಿನ ಹೋರಾಟಗಾರ್ತಿಯರು ಆ ಏಪ್ರಿಲ್‌ನಲ್ಲಿ ಗಣತಿಯನ್ನು ಬಹಿಷ್ಕರಿಸಿದರು. ಹೀಗಾಗಿ ಕೆಲವರ ಹೆಸರು ಹಾಳೆಯಲ್ಲಿ ಇಲ್ಲದಿರುವುದೂ ಒಂದು ದಾಖಲೆ. ಓಫಾರೆಲ್ ಅವರ ಪಾದಗಳನ್ನು ಬೇರೆಯವರು ಅಳಿಸಿದ್ದರು. ಇಲ್ಲಿ ಅವರು ತಾವಾಗಿಯೇ ಲೆಕ್ಕದಿಂದ ಹೊರಗೆ ನಿಂತರು. ಈ ವ್ಯತ್ಯಾಸವನ್ನು ಕೂಟದವರ ಬಾಯಿಂದಲೇ ಹೊರಡಿಸಲು ಪ್ರಯತ್ನಿಸಿ, ನೀವು ಹೇಳಬೇಡಿ.

ಮೂರನೆಯ ಸಭೆ ಕಿಟಕಿ ಗಾಜುಗಳದು. ಹನ್ನಾ ಶೀಹಿ ಸ್ಕೆಫಿಂಗ್ಟನ್ ಮತ್ತು ಮಾರ್ಗರೆಟ್ ಕಸಿನ್ಸ್ 1908ರಲ್ಲಿ ಐರಿಷ್ ಮಹಿಳಾ ಮತಾಧಿಕಾರ ಲೀಗ್ ಕಟ್ಟಿದರು; 1912ರಿಂದ 1920ರವರೆಗೆ 'ಐರಿಷ್ ಸಿಟಿಜನ್' ಪತ್ರಿಕೆ ಈ ಚಳವಳಿಯ ದನಿಯಾಗಿತ್ತು. 1912ರ ಮಾರ್ಚ್‌ನಲ್ಲಿ ಲಂಡನ್ನಿನ ಸಂಸತ್ತಿನಲ್ಲಿ ಮಹಿಳಾ ಮತದ ಮಸೂದೆ ಕೇವಲ 14 ಮತಗಳಿಂದ ಬಿದ್ದುಹೋಯಿತು, ಮತ್ತು ಅದನ್ನು ಕೆಡವಿದವರಲ್ಲಿ ಐರ್ಲೆಂಡಿಗೆ ಸ್ವಯಮಾಡಳಿತ ಕೇಳುತ್ತಿದ್ದ ಐರಿಷ್ ಪಕ್ಷದ ಸದಸ್ಯರೇ ಇದ್ದರು. ಬಳಿಕ ಬಂದ ಸ್ವಯಮಾಡಳಿತದ ಮಸೂದೆಯಲ್ಲೂ ಮಹಿಳೆಯರಿಗೆ ಮತವಿರಲಿಲ್ಲ. ಜೂನ್ 13ರ ಬೆಳಗ್ಗೆ ಲೀಗಿನ ಎಂಟು ಮಹಿಳೆಯರು ಡಬ್ಲಿನ್ನಿನ ಸರ್ಕಾರಿ ಕಟ್ಟಡಗಳ ಗಾಜು ಒಡೆದು ಸೆರೆಮನೆಗೆ ಹೋದರು. ಹನ್ನಾ ಅವರು ಶಿಕ್ಷಕಿಯ ಕೆಲಸವನ್ನೂ ಕಳೆದುಕೊಂಡರು.

ಕರಾವಳಿಯ ಓದುಗರಿಗೆ ಹತ್ತಿರವಾಗುವ ಎಳೆ ಇಲ್ಲಿದೆ. ಡಬ್ಲಿನ್ ಕೋಟೆಯ ಗಾಜು ಒಡೆದು 1913ರಲ್ಲಿ ಟಲ್ಲಮೋರ್ ಸೆರೆಮನೆಯಲ್ಲಿ ಉಪವಾಸ ಕೂತ ಮಾರ್ಗರೆಟ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. 1917ರಲ್ಲಿ ಮದರಾಸಿನಲ್ಲಿ ಭಾರತೀಯ ಮಹಿಳಾ ಸಂಘದ ಸ್ಥಾಪಕರಲ್ಲಿ ಒಬ್ಬರಾದರು, 1919–20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಕಿಯರ ಶಾಲೆಯ ಮೊದಲ ಮುಖ್ಯಸ್ಥೆಯಾದರು, ಮತ್ತು 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಮದರಾಸು ವಿಧಾನ ಪರಿಷತ್ತಿನ ಚುನಾವಣೆಗೆ ನಿಂತು ಅಲ್ಪ ಅಂತರದಲ್ಲಿ ಸೋತಾಗ ಬೆನ್ನಿಗೆ ನಿಂತಿದ್ದರು. 1932ರಲ್ಲಿ ಇಲ್ಲಿಯ ಸೆರೆಮನೆಯನ್ನೂ ಕಂಡರು. ಕಾರವಾರದಲ್ಲಿ ಸಭೆ ನಡೆಸುವವರು ಇನ್ನೊಂದು ಮಾತು ಸೇರಿಸಬಹುದು: ಯಾರ ಹೆಸರನ್ನು ತಮ್ಮ ಕಡಲತೀರಕ್ಕೆ ಇಟ್ಟುಕೊಂಡಿದ್ದಾರೋ ಆ ರವೀಂದ್ರನಾಥ ಟಾಗೋರರು 1919ರಲ್ಲಿ ಮದನಪಲ್ಲಿಯಲ್ಲಿ 'ಜನ ಗಣ ಮನ' ಹಾಡಿದಾಗ ಅದರ ಸ್ವರಲಿಪಿಯನ್ನು ಬರೆದುಕೊಂಡವರು ಇದೇ ಮಾರ್ಗರೆಟ್. ಆದರೆ ಈ ಎಳೆಯ ಸೊಗಸಿಗೆ ಮರುಳಾಗಿ ಇಡೀ ಸಭೆಯನ್ನು ಅದಕ್ಕೇ ಕೊಡಬಾರದು. ನಾನು ಒಮ್ಮೆ ಕೊಟ್ಟು, ಎಂಟು ಮಹಿಳೆಯರ ಕಥೆಯನ್ನು ಅರ್ಧಕ್ಕೇ ಬಿಟ್ಟೆ.

ನಾಲ್ಕನೆಯ ಸಭೆಯಲ್ಲಿ ಜಗಳ ಆಡಿಸಬೇಕು. ಮತ ಮೊದಲೋ, ನಾಡು ಮೊದಲೋ ಎಂಬುದೇ ಆ ಕಾಲದ ಐರಿಷ್ ಮಹಿಳೆಯರನ್ನು ಒಡೆದ ಪ್ರಶ್ನೆ. 'ಕುಮನ್ ನ ಮಾನ್' ಪುರುಷರ ಸ್ವಯಂಸೇವಕ ದಳಕ್ಕೆ ನೆರವಾಗುವ, ಅದರ ಶಸ್ತ್ರಗಳಿಗೆ ಹಣ ಕೂಡಿಸುವ ಸಂಘಟನೆಯಾಗಿ ಹುಟ್ಟಿದಾಗ, ಇದು ಗಂಡಸರ ಕಾಣಿಕೆ ಡಬ್ಬಿಯಾಗುವ ಕೆಲಸ ಎಂಬ ಧಾಟಿಯಲ್ಲಿ ಹನ್ನಾ ಅವರು ಕಟುವಾಗಿ ಟೀಕಿಸಿದರು. ನಾಡೇ ಪರರ ಕೈಯಲ್ಲಿರುವಾಗ ಪರರ ಸಂಸತ್ತಿನಿಂದ ಮತ ಬೇಡುವುದು ಯಾವ ಮರ್ಯಾದೆ ಎಂಬುದು ಆಚೆಯವರ ಉತ್ತರ. ಶಾಂತಿವಾದಿ ಲೂಯಿ ಬೆನೆಟ್ ಅವರಿಗೆ ಬಂದೂಕೇ ಒಪ್ಪಿಗೆಯಿರಲಿಲ್ಲ. ಕೂಟವನ್ನು ಮೂರು ಪಾಲು ಮಾಡಿ ಒಂದೊಂದು ಪಾಲಿಗೆ ಒಂದೊಂದು ವಾದವನ್ನು ಹೊರಿಸಿ. ತಾಳಮದ್ದಲೆಯ ಅರ್ಥಗಾರಿಕೆ ಕೇಳಿ ಬೆಳೆದ ನಮ್ಮ ಜನಕ್ಕೆ ಎದುರಾಳಿಯ ಪಾತ್ರಕ್ಕೆ ನ್ಯಾಯ ಒದಗಿಸುವುದನ್ನು ಕಲಿಸಬೇಕಾಗಿಲ್ಲ. ಒಂದೇ ನಿಯಮ: 1914ರಲ್ಲಿ ಕೂತವರಿಗೆ 1918 ಗೊತ್ತಿರಬಾರದು.

ನಾಲ್ಕನೆಯ ಒಂದು ದನಿಯನ್ನು ಬಿಟ್ಟರೆ ಚಿತ್ರ ಸುಳ್ಳಾಗುತ್ತದೆ. ಉತ್ತರದ ಅಲ್‌ಸ್ಟರ್ ಪ್ರಾಂತದಲ್ಲಿ ಬ್ರಿಟನ್ನಿನೊಡನೆ ಕೂಡಿಯೇ ಇರಬೇಕೆಂದ ಮಹಿಳೆಯರೂ ಲಕ್ಷಗಟ್ಟಲೆ ಇದ್ದರು. 1912ರ ಸೆಪ್ಟೆಂಬರ್ 28ರಂದು ಗಂಡಸರು ಸ್ವಯಮಾಡಳಿತದ ವಿರುದ್ಧ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದಾಗ, ಮಹಿಳೆಯರಿಗೆಂದು ಬೇರೆಯಾಗಿ ಸಿದ್ಧಪಡಿಸಿದ್ದ ಘೋಷಣಾಪತ್ರಕ್ಕೆ 2,34,046 ಜನ ಸಹಿ ಹಾಕಿದರು. ಬೆಲ್‌ಫಾಸ್ಟಿನ ಪತ್ರಾಗಾರ ಆ ಸಹಿಗಳನ್ನೂ ಅಂತರ್ಜಾಲಕ್ಕೆ ಏರಿಸಿದೆ. ಒಂದು ಪುಟ ಮುದ್ರಿಸಿ, ಕೈಬರಹಗಳನ್ನು ನೋಡುತ್ತ ಹೋಗಿ. ಹೋರಾಟಗಾರ್ತಿಯರೆಂದರೆ ನಮಗೆ ಮೆಚ್ಚುಗೆಯಾದ ಪಕ್ಷದವರು ಮಾತ್ರ ಎಂಬ ಭ್ರಮೆ ಇದರಿಂದ ಬಿಡುತ್ತದೆ.

ಜಗಳಕ್ಕೆ ತೀರ್ಪು ಕೊಡುವ ಕೆಲಸವನ್ನು ಮುಂದಿನ ವರ್ಷಗಳಿಗೆ ಬಿಡಬೇಕು, ಮತ್ತು ಅವನ್ನು ಬೇಗ ದಾಟಬಹುದು. 1916ರ ದಂಗೆಯ ಘೋಷಣಾಪತ್ರ ಪುರುಷರೊಡನೆ ಸ್ತ್ರೀಯರನ್ನೂ ಹೆಸರಿಟ್ಟು ಸಂಬೋಧಿಸುತ್ತದೆ, ಎಲ್ಲರಿಗೂ ಮತ ಕೊಡುವ ಮಾತಾಡುತ್ತದೆ. ಅದೇ ವಾರದಲ್ಲಿ, ಹನ್ನಾ ಅವರ ಪತಿ, ಶಸ್ತ್ರ ಮುಟ್ಟದ ಶಾಂತಿವಾದಿ ಫ್ರಾನ್ಸಿಸ್ ಅವರನ್ನು ಬ್ರಿಟಿಷ್ ಸೈನಿಕರು ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಂದರು. ಪರಿಹಾರದ ಹಣವನ್ನು ಹನ್ನಾ ಅವರು ನಿರಾಕರಿಸಿದರು. 1918ರ ಕಾನೂನು ಮೂವತ್ತು ದಾಟಿದ, ಆಸ್ತಿಯ ಅರ್ಹತೆಯುಳ್ಳ ಮಹಿಳೆಯರಿಗೆ ಮತ ಕೊಟ್ಟಿತು. ಆ ಡಿಸೆಂಬರಿನ ಚುನಾವಣೆಯಲ್ಲಿ, ದಂಗೆಯಲ್ಲಿ ಹೋರಾಡಿ ಹೆಣ್ಣೆಂಬ ಕಾರಣಕ್ಕೆ ಮರಣದಂಡನೆ ತಪ್ಪಿಸಿಕೊಂಡಿದ್ದ ಕಾನ್‌ಸ್ಟನ್ಸ್ ಮಾರ್ಕೆವಿಚ್ ಸೆರೆಮನೆಯಲ್ಲಿದ್ದುಕೊಂಡೇ ಗೆದ್ದು, ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ಅಲ್ಲಿ ಕೂರಲು ಒಪ್ಪದೆ, 1919ರಲ್ಲಿ ಡಾಲ್‌ನ ಕಾರ್ಮಿಕ ಮಂತ್ರಿಯಾದರು. 1922ರ ಸಂವಿಧಾನ ಇಪ್ಪತ್ತೊಂದು ತುಂಬಿದ ಎಲ್ಲ ಸ್ತ್ರೀಪುರುಷರಿಗೂ ಸಮಾನ ಮತ ಕೊಟ್ಟಿತು. ಬ್ರಿಟನ್ ಅದಕ್ಕೆ 1928ರವರೆಗೆ ಕಾಯಬೇಕಾಯಿತು. ಆದರೆ 1927ರಲ್ಲಿ ಮಹಿಳೆಯರು ಜ್ಯೂರಿಯಿಂದ ಬಹುಮಟ್ಟಿಗೆ ಹೊರಬಿದ್ದರು, 1930ರ ದಶಕದಲ್ಲಿ ಮದುವೆಯಾದ ಶಿಕ್ಷಕಿಯರು ಕೆಲಸ ಬಿಡಬೇಕೆಂಬ ನಿಯಮ ಬಂತು, 1937ರ ಸಂವಿಧಾನ ಮನೆಯೊಳಗಿನ ಸ್ತ್ರೀಯ ಬಾಳನ್ನು ಹೊಗಳುವ ನೆಪದಲ್ಲಿ ಅವಳ ಜಾಗವನ್ನು ಗೊತ್ತುಮಾಡಿತು. ಅದರ ವಿರುದ್ಧವೂ ಹನ್ನಾ ಅವರೇ ಎದ್ದು ನಿಂತರು. ನನ್ನ ಮಟ್ಟಿಗೆ, 1914ರ ಅವರ ಗುಮಾನಿ ನಿಜವಾಯಿತು. ಕೂಟದಲ್ಲಿ ಒಪ್ಪದವರು ಇದ್ದೇ ಇರುತ್ತಾರೆ, ಇರಲಿ.

ಕೂಲಿಯ ಹೋರಾಟಕ್ಕೆ ಬೇರೆ ಸಭೆ ಬೇಕಿಲ್ಲವಾದರೂ, ಬಿಸ್ಕತ್ತು ಕಾರ್ಖಾನೆಯ ರೋಸಿ ಹ್ಯಾಕೆಟ್ ಅವರನ್ನು ಮರೆಯಬಾರದು. 1911ರಲ್ಲಿ ಹುಟ್ಟಿದ ಮಹಿಳಾ ಕಾರ್ಮಿಕರ ಯೂನಿಯನ್‌ನಲ್ಲಿ ದುಡಿದು, 1916ರ ದಂಗೆಯಲ್ಲೂ ಇದ್ದ ಇವರ ಹೆಸರನ್ನು ಡಬ್ಲಿನ್ನಿನಲ್ಲಿ 2014ರಲ್ಲಿ ತೆರೆದ ಒಂದು ಸೇತುವೆಗೆ ಇಡಲಾಯಿತು.

ಐದನೆಯ ಸಭೆಯ ಕಾಗದ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಮಾರ್ಗರೆಟ್ ಸ್ಕಿನ್ನಿಡರ್ ಅವರ ಪಿಂಚಣಿ ಕಡತ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈ ಗಣಿತದ ಟೀಚರು 1916ರ ದಂಗೆಯಲ್ಲಿ ಮೂರು ಗುಂಡೇಟು ತಿಂದು ಬದುಕಿದವರು. 1923ರ ಕಾನೂನಿನ ಪ್ರಕಾರ ಗಾಯದ ಪಿಂಚಣಿಗೆ ಅರ್ಜಿ ಹಾಕಿದಾಗ, ಕಾನೂನಿನಲ್ಲಿರುವ 'ಸೈನಿಕ' ಎಂಬ ಪದ ಪುಲ್ಲಿಂಗದ ಅರ್ಥದ್ದು, ಆದ್ದರಿಂದ ಅರ್ಜಿದಾರರಿಗೆ ಅನ್ವಯಿಸದು ಎಂಬ ಉತ್ತರ ಬಂತು. 'ಕುಮನ್ ನ ಮಾನ್' ಸದಸ್ಯರನ್ನು ಪಿಂಚಣಿಯ ವ್ಯಾಪ್ತಿಗೆ ತಂದದ್ದು 1934ರ ಕಾನೂನು. ಸ್ಕಿನ್ನಿಡರ್ ಅವರಿಗೆ ಪಿಂಚಣಿ ಸಿಕ್ಕಿದ್ದು 1938ರಲ್ಲಿ. ಐರ್ಲೆಂಡಿನ ಸೇನಾ ಪತ್ರಾಗಾರ ಇಂಥ ಕಡತಗಳನ್ನೂ, 1947–57ರ ನಡುವೆ ಹೋರಾಟಗಾರರಿಂದ ಬರೆಸಿಕೊಂಡು 2003ರವರೆಗೆ ಬೀಗ ಹಾಕಿಟ್ಟಿದ್ದ 1,773 ಹೇಳಿಕೆಗಳನ್ನೂ ಉಚಿತವಾಗಿ ಓದಲು ಇಟ್ಟಿದೆ. ಇಂಗ್ಲಿಷ್ ಬಲ್ಲವರೊಬ್ಬರು ಎರಡು ಪುಟವನ್ನು ಮೊದಲೇ ಓದಿಕೊಂಡು ಬಂದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರೆ ಸಾಕು. ಸರ್ಕಾರಿ ಕಚೇರಿಯ ಪತ್ರದ ಧಾಟಿ ಎಲ್ಲ ದೇಶದಲ್ಲೂ ಒಂದೇ ಎಂದು ನಮ್ಮವರು ನಕ್ಕದ್ದು ಈ ಸಭೆಯಲ್ಲಿಯೇ.

ಆರನೆಯ ಸಭೆಗೆ ಕಾಗದ ತರುವವರು ನೀವಲ್ಲ, ಕೂಟದವರು. ನಮ್ಮ ಜಿಲ್ಲೆಯಲ್ಲಿ 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೆ ಅಂಕೋಲೆ, ಸಿದ್ದಾಪುರಗಳ ರೈತರು ಕರ ನಿರಾಕರಿಸಿ ಜಮೀನು, ಮನೆ, ಪಾತ್ರೆ-ಪಗಡಿ ಕಳೆದುಕೊಂಡರು. ಸಿದ್ದಾಪುರದ ಕಡೆ, ಜಪ್ತಿಯಾದ ಆಸ್ತಿಯನ್ನು ಲಿಲಾವಿನಲ್ಲಿ ಕೊಂಡವರ ಮನೆಯ ಮುಂದೆ ಮಹಿಳೆಯರು ಉಪವಾಸ ಕೂತರು. ಐರ್ಲೆಂಡಿನ ಪ್ರಾಚೀನ ಕಾನೂನಿನಲ್ಲೂ ಅನ್ಯಾಯ ಮಾಡಿದವನ ಹೊಸ್ತಿಲಲ್ಲಿ ಉಪವಾಸ ಕೂರುವ ಪದ್ಧತಿ ಇತ್ತು, 1881ರಲ್ಲಿ ಆನಾ ಪಾರ್ನೆಲ್ ಅವರ ಮಹಿಳಾ ಭೂಸಂಘ ಒಕ್ಕಲೆಬ್ಬಿಸಿದ ರೈತರಿಗೆ ಮರದ ಗುಡಿಸಲು ಕಟ್ಟಿಕೊಟ್ಟಿತ್ತು. ಹೋಲಿಕೆ ಎದ್ದು ಕಾಣುತ್ತದೆಂದು ಅವರಿಂದ ಇವರು ಕಲಿತರು ಎಂದು ಹೇಳಿಬಿಡಬಾರದು. ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಮನೆಯ ಅಟ್ಟದಲ್ಲಿ, ಕಪಾಟಿನಲ್ಲಿ ಇರುವ ಹಳೆಯ ಕಾಗದಗಳನ್ನು ತರಲು ಎರಡು ವಾರ ಮೊದಲೇ ಹೇಳಿ: ಜಪ್ತಿಯ ನೋಟೀಸು, ಸೆರೆಮನೆಯ ಪತ್ರ, ತಾಮ್ರಪತ್ರ, ಪಿಂಚಣಿಯ ಆದೇಶ. 1972ರಲ್ಲಿ ಶುರುವಾದ ಕೇಂದ್ರದ ಪಿಂಚಣಿ ಯೋಜನೆ ಸಾಮಾನ್ಯವಾಗಿ ಆರು ತಿಂಗಳ, 1980ರಿಂದ ಮಹಿಳೆಯರಿಗೆ ಮೂರು ತಿಂಗಳ ಸೆರೆವಾಸ ಕೇಳುತ್ತಿತ್ತು. ಹೊಸ್ತಿಲಲ್ಲಿ ಉಪವಾಸ ಕೂತು ಮನೆಗೆ ಮರಳಿದವರ ಕೈಯಲ್ಲಿ ಯಾವ ಕಾಗದ ಉಳಿದೀತು ಎಂದು ಕೇಳಿ, ಸ್ಕಿನ್ನಿಡರ್ ಅವರ ಕಡತವನ್ನು ಮತ್ತೊಮ್ಮೆ ಮೇಜಿನ ಮೇಲೆ ಇಡಿ. ಬಂದ ಕಾಗದಗಳಿಗೆ ಲ್ಯಾಮಿನೇಶನ್ ಮಾಡಿಸಲು, ಅಂಟುಪಟ್ಟಿ ಹಚ್ಚಲು ಯಾರನ್ನೂ ಬಿಡಬೇಡಿ. ಮಡಿಕೆ ಬಿಟ್ಟುಕೊಳ್ಳದಿದ್ದರೆ ಒತ್ತಿ ಬಿಡಿಸಬೇಡಿ. ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ನಾಲ್ಕು ಅಂಚೂ ಸೇರುವಂತೆ, ಹಿಂಬದಿಯನ್ನೂ ಬಿಡದೆ ಮೊಬೈಲಿನಲ್ಲಿ ಚಿತ್ರ ತೆಗೆದು ಅಂದೇ ಹಿಂತಿರುಗಿಸಿ. ಕಾಗದವೇ ಇಲ್ಲದವರು ಹೇಳುವ ಮಾತನ್ನು, ಹೇಳಿದವರ ಹೆಸರು, ಊರು, ದಿನಾಂಕ ಸಹಿತ ಒಂದು ಗೆರೆಪುಸ್ತಕದಲ್ಲಿ ಬರೆದು, ಓದಿ ಹೇಳಿ, ಅವರ ಸಹಿ ಪಡೆಯಿರಿ. ನಮ್ಮ ಪುಸ್ತಕದಲ್ಲಿ ಈವರೆಗೆ ಹನ್ನೊಂದು ಸಹಿಗಳಿವೆ, ಅದರಲ್ಲಿ ಎರಡು ಹೆಬ್ಬೆಟ್ಟಿನವು.